ಕರಾಟುವಿನಿಂದ ಸೆರೊನೆರಾಕ್ಕೆ ಒಂದು ಹಗಲು: ರಸ್ತೆ ಸಫಾರಿಯನ್ನು ಕೆಡಿಸಿಕೊಳ್ಳದಿರುವ ಸಮಗ್ರ ಮಾರ್ಗದರ್ಶಿ

ತಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯಲ್ಲಿ ಹೋಗಿ ಬಂದವರಲ್ಲಿ ಎಷ್ಟೋ ಮಂದಿ ಹೇಳುವ ಮಾತು ಒಂದೇ: "ಮೊದಲನೆಯ ದಿನವೆಲ್ಲ ಗಾಡಿಯಲ್ಲೇ ಕಳೆದುಹೋಯಿತು, ಬೆನ್ನು ಹಿಡಿದುಕೊಂಡಿತು, ನೋಡಿದ್ದು ಧೂಳು ಮಾತ್ರ." ಅದೇ ದಿನ, ಅದೇ ರಸ್ತೆಯಲ್ಲಿ ಹೋದ ಇನ್ನೊಂದು ಗಾಡಿಯವರು ಸಿಂಹ, ಚೀತಾ, ಚಿರತೆಗಳನ್ನು ನೋಡಿಕೊಂಡು ಸೂರ್ಯ ಮುಳುಗುವ ಮೊದಲೇ ಕ್ಯಾಂಪ್ ಸೇರಿರುತ್ತಾರೆ. ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರುಂಟು. ಅದೃಷ್ಟದ ಪಾಲು ಸ್ವಲ್ಪ ಇರಬಹುದು, ಆದರೆ ಬಹುಪಾಲು ಕೆಡುವುದು ಕೆಲಸಗಳ ಕ್ರಮ ತಪ್ಪುವುದರಿಂದ.

ಬಂಡೀಪುರ, ಕಬಿನಿಗಳಲ್ಲಿ ಸಫಾರಿ ಎಂದರೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ನಡುವಿನ ಸಮಯ ಊಟ, ನಿದ್ದೆಗೆ. ಆ ಅಭ್ಯಾಸದಲ್ಲೇ ಇಲ್ಲಿಗೆ ಬಂದವರು "ಮೊದಲು ಕ್ಯಾಂಪ್ ಸೇರೋಣ, ಸಫಾರಿ ಆಮೇಲೆ" ಎಂದು ಚಾಲಕನನ್ನು ಅವಸರಪಡಿಸುತ್ತಾರೆ. ಈ ರಸ್ತೆಯಲ್ಲಿ ಪ್ರಯಾಣವೇ ಸಫಾರಿ. ಮುಂದಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

## ಹಂತ 1: ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ

ಇಡೀ ದಿನದ ಹಣೆಬರಹ ಇಲ್ಲಿಯೇ ತೀರ್ಮಾನವಾಗುತ್ತದೆ. ಸಫಾರಿಗಳು ಹೊರಡುವ ಅರುಷಾ ನಗರದಿಂದ ಸೆರೆಂಗೆಟಿಯ ನಡುಭಾಗವಾದ ಸೆರೊನೆರಾಕ್ಕೆ 300 ಕಿಲೋಮೀಟರ್‌ಗಿಂತ ಹೆಚ್ಚು ದೂರ. ಎಲ್ಲಿಯೂ ನಿಲ್ಲಿಸದೆ ಹೋದರೂ ಏಳೆಂಟು ಗಂಟೆ ಬೇಕು. ದಾರಿಯ ನಡುವೆ ಸಿಗುವ ಕರಾಟು ಎಂಬ ಊರಿನವರೆಗೆ ಒಳ್ಳೆಯ ಡಾಂಬರು ರಸ್ತೆ ಇದ್ದರೂ ಊರು ಬಂದಲ್ಲೆಲ್ಲ ವೇಗಮಿತಿ 50 ಕಿಲೋಮೀಟರ್, ಜೊತೆಗೆ ಪೊಲೀಸ್ ತಪಾಸಣೆ. ಆ ಭಾಗಕ್ಕೇ ಎರಡೂವರೆಯಿಂದ ಮೂರು ಗಂಟೆ ಹೋಗುತ್ತದೆ.

ಆದ್ದರಿಂದ ಹಿಂದಿನ ದಿನವೇ ಕರಾಟುವಿಗೆ ಬಂದು ತಂಗಿ. ಬೆಳಗಿನ ಮೂರು ಗಂಟೆ ಕೈಯಲ್ಲಿ ಉಳಿಯುತ್ತದೆ. "ಒಂದು ರಾತ್ರಿಯ ಖರ್ಚು ಉಳಿಯುತ್ತದೆ" ಎಂದು ಅರುಷಾದಿಂದಲೇ ನೇರ ಹೊರಡುವ ಯೋಜನೆಗೆ ಒಪ್ಪುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಉಳಿಸಿದ ಹಣದ ಬದಲಿಗೆ ಕಳೆದುಕೊಳ್ಳುವುದು ಪ್ರಾಣಿಗಳು ಚುರುಕಾಗಿರುವ ಗಂಟೆಗಳನ್ನು.

ಇನ್ನೊಂದು ತಪ್ಪು: ಹೋಗುವ ದಾರಿಯಲ್ಲೇ, ವನ್ಯಪ್ರಾಣಿಗಳಿರುವ ಹಳೆಯ ಜ್ವಾಲಾಮುಖಿಯಾದ ಗೊರೊಂಗೊರೊ ಕುಳಿಯೊಳಗೂ ಇಳಿದುಬಿಡೋಣ ಎಂಬ ಆಸೆ. ಕುಳಿ ಅರ್ಧ ದಿನದ ಕೆಲಸ, ಅದಕ್ಕೆ ಪ್ರತ್ಯೇಕ ಶುಲ್ಕವೂ ಉಂಟು. ಒಂದೇ ಹಗಲಿಗೆ ಎರಡನ್ನೂ ತುರುಕಿದರೆ ಎರಡೂ ಅರೆಬರೆ. ಕುಳಿಯನ್ನು ವಾಪಸಾಗುವ ದಿಕ್ಕಿಗೆ ಇಟ್ಟುಕೊಳ್ಳಿ.

ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ರಸ್ತೆಯ ಸಾಹಸಕ್ಕೆ ಹೋಗಬೇಡಿ. ಅರುಷಾದಿಂದ ಸೆರೊನೆರಾಕ್ಕೆ ಸಣ್ಣ ವಿಮಾನಗಳಿವೆ. ಅವುಗಳಲ್ಲಿ ಸಾಮಾನಿನ ಮಿತಿ ಸಾಮಾನ್ಯವಾಗಿ 15 ಕಿಲೋ.

## ಹಂತ 2: ಗಾಡಿಯನ್ನು ನೀವೇ ನೋಡಿ, ಕೇಳಬೇಕಾದ್ದನ್ನು ಕೇಳಿ

ಇಲ್ಲಿ ಓಡುವುದು ಹೆಚ್ಚಾಗಿ ಟೊಯೋಟಾ ಲ್ಯಾಂಡ್ ಕ್ರೂಸರ್. ಹಿಂಭಾಗವನ್ನು ಉದ್ದ ಮಾಡಿ, ಮೇಲ್ಛಾವಣಿ ಎತ್ತಿ ನಿಂತು ನೋಡುವಂತೆ ಮಾಡಿಸಿರುತ್ತಾರೆ. ಹಿಂದಿನ ಸಂಜೆ ಹತ್ತು ನಿಮಿಷ ಕೊಟ್ಟು ಇವನ್ನು ನೋಡಿಕೊಳ್ಳಿ:

- ಎರಡು ಹೆಚ್ಚುವರಿ ಚಕ್ರಗಳಿವೆಯೇ, ಅವುಗಳಲ್ಲಿ ಗಾಳಿ ಇದೆಯೇ? ಒಂದೇ ಇದ್ದರೆ ಒಪ್ಪಬೇಡಿ.
- ಪ್ರತಿ ಆಸನದ ಸೀಟ್ ಬೆಲ್ಟ್ ಕೊಂಡಿಗೆ ಸಿಕ್ಕಿಕೊಳ್ಳುತ್ತದೆಯೇ?
- ಮೇಲ್ಛಾವಣಿ ಸಲೀಸಾಗಿ ಏರಿಳಿಯುತ್ತದೆಯೇ, ಕಿಟಕಿಗಳು ಪೂರ್ತಿ ಮುಚ್ಚುತ್ತವೆಯೇ? ಮುಚ್ಚದ ಒಂದು ಕಿಟಕಿ ಇಡೀ ಗಾಡಿಗೆ ಧೂಳು ತುಂಬುತ್ತದೆ.
- ಚಾಲಕರ ನಡುವೆ ಮಾತನಾಡುವ ರೇಡಿಯೋ ಕೆಲಸ ಮಾಡುತ್ತಿದೆಯೇ? ಎಲ್ಲಿ ಯಾವ ಪ್ರಾಣಿ ಕಂಡಿತು ಎಂಬ ಸುದ್ದಿ ಬರುವುದು ಅದರಿಂದಲೇ.
- ಫೋನ್, ಕ್ಯಾಮೆರಾ ಚಾರ್ಜ್ ಮಾಡಲು ಸಾಕೆಟ್ ಇದೆಯೇ? ಇಲ್ಲಿನದು ಬ್ರಿಟಿಷ್ ಮಾದರಿಯ ಚೌಕ ಕಡ್ಡಿಗಳ ಮೂರು ಪಿನ್. ನಮ್ಮ ದುಂಡು ಪಿನ್ನಿಗೆ ಅಡಾಪ್ಟರ್ ಬೇಕು.

ಡೀಸೆಲ್ ಕರಾಟುವಿನಲ್ಲೇ ತುಂಬಿಸಿಕೊಂಡಿರಬೇಕು, ಅದೂ ಹಿಂದಿನ ರಾತ್ರಿಯೇ. ಬೆಳಿಗ್ಗೆ ಬಂಕಿನ ಮುಂದೆ ಸಾಲು ಹಚ್ಚಿದ ಗಾಡಿ ಗೇಟಿನಲ್ಲಿಯೂ ಸಾಲಿನ ಕೊನೆಗೇ ಹೋಗುತ್ತದೆ.

ಚಾಲಕನೊಂದಿಗೆ ಎರಡು ಮಾತು ಮೊದಲೇ ಆಡಿಬಿಡಿ. "ದಾರಿಯಲ್ಲಿ ಮರದ ಗೊಂಬೆ, ಕರಕುಶಲ ವಸ್ತುಗಳ ಅಂಗಡಿಗೆ ನಿಲ್ಲಿಸುವುದು ಬೇಡ" ಎನ್ನುವುದು ಒಂದು. "ಕ್ಯಾಂಪ್ ಸೇರುವ ಅವಸರ ನಮಗಿಲ್ಲ, ದಾರಿಯುದ್ದಕ್ಕೂ ಪ್ರಾಣಿ ನೋಡುತ್ತಾ ಹೋಗೋಣ" ಎನ್ನುವುದು ಇನ್ನೊಂದು. ಇದನ್ನು ಹೇಳದಿದ್ದರೆ ಚಾಲಕ ತನ್ನ ರೂಢಿಯಂತೆ ನಡೆದುಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ.

## ಹಂತ 3: ಮೈಮೇಲೇನು, ಕೈಚೀಲದಲ್ಲೇನು

ದೊಡ್ಡ ಸೂಟ್‌ಕೇಸ್ ಗಾಡಿಯ ಹಿಂಭಾಗದಲ್ಲಿ ಮೂಟೆಗಳ ಅಡಿ ಸೇರುತ್ತದೆ. ಸಂಜೆಯವರೆಗೆ ಅದನ್ನು ತೆಗೆಯಲಾಗುವುದಿಲ್ಲ ಎಂದೇ ತಿಳಿದುಕೊಳ್ಳಿ. ಹಗಲಿಗೆ ಬೇಕಾದುದೆಲ್ಲ ತೊಡೆಯ ಮೇಲಿನ ಒಂದು ಚೀಲದಲ್ಲಿರಬೇಕು. ಗಟ್ಟಿ ಚಕ್ರದ ಪೆಟ್ಟಿಗೆಗಿಂತ ಮೆತ್ತನೆಯ ಬಟ್ಟೆಯ ಬ್ಯಾಗ್ ಈ ಗಾಡಿಗಳಿಗೆ ಒಗ್ಗುತ್ತದೆ.

ಬಟ್ಟೆಯಲ್ಲಿ ಪದರಗಳು ಮುಖ್ಯ. ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಬೆಳಗಿನ ಮಂಜಿನಲ್ಲಿ ಸ್ವೆಟರ್ ಇಲ್ಲದೆ ಹಲ್ಲು ಕಟಕಟಿಸುತ್ತದೆ. ಅದೇ ದಿನ ಮಧ್ಯಾಹ್ನ ಬಯಲಿನಲ್ಲಿ ಅರ್ಧ ತೋಳಿನ ಅಂಗಿಯೂ ಹೆಚ್ಚೆನಿಸುತ್ತದೆ. ಕಪ್ಪು ಮತ್ತು ಗಾಢ ನೀಲಿ ಬಣ್ಣ ಬೇಡ: ಸೆರೊನೆರಾ ಸುತ್ತಲಿನ ಮರಗಾಡಿನಲ್ಲಿರುವ ಸೆಟ್ಸಿ ನೊಣಗಳನ್ನು ಈ ಬಣ್ಣಗಳು ಸೆಳೆಯುತ್ತವೆ. ಅವು ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ, ಸೊಳ್ಳೆಗೆ ಹಚ್ಚುವ ಮುಲಾಮಿಗೆ ಅಷ್ಟಾಗಿ ಹೆದರುವುದಿಲ್ಲ. ದಪ್ಪನೆಯ ಮಣ್ಣಿನ ಬಣ್ಣದ ಬಟ್ಟೆಯೇ ಸರಿಯಾದ ರಕ್ಷಣೆ.

ಕೈಚೀಲದಲ್ಲಿ ಇರಬೇಕಾದವು: ಮೂಗು ಬಾಯಿ ಮುಚ್ಚುವಷ್ಟು ಅಗಲದ ಹತ್ತಿಯ ವಸ್ತ್ರ, ಟೋಪಿ, ಒದ್ದೆ ಟಿಶ್ಯೂ, ತಲೆಗೊಂದರಂತೆ ಬೈನಾಕ್ಯುಲರ್, ಪಾಸ್‌ಪೋರ್ಟ್, ದಿನದ ಮಾತ್ರೆಗಳು. ದುರ್ಬೀನನ್ನು ಹಂಚಿಕೊಳ್ಳುತ್ತೇವೆ ಎನ್ನುವ ಕುಟುಂಬಗಳಲ್ಲಿ ಚಿರತೆ ಕಂಡ ಗಳಿಗೆಯಲ್ಲಿಯೇ ಕಿತ್ತಾಟ ಶುರುವಾಗುತ್ತದೆ. 8x42 ಅಳತೆಯದು (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನದು) ಈ ಕೆಲಸಕ್ಕೆ ತಕ್ಕದ್ದು. ಪ್ಲಾಸ್ಟಿಕ್ ಕೈಚೀಲಗಳನ್ನು ತಾಂಜಾನಿಯಾ 2019ರಲ್ಲೇ ನಿಷೇಧಿಸಿದೆ. ಊರಿನಿಂದ ತಿಂಡಿ ಕಟ್ಟಿಕೊಂಡು ತರುವವರು ಡಬ್ಬಿ ಅಥವಾ ಬಟ್ಟೆಚೀಲ ಬಳಸಿ.

ಔಷಧಿಯ ವಿಷಯದಲ್ಲಿ ಹೊರಡುವ ಹಲವು ವಾರ ಮೊದಲೇ ವೈದ್ಯರನ್ನು ಕಂಡು ಮಲೇರಿಯಾ ತಡೆಯುವ ಮಾತ್ರೆ ಬರೆಸಿಕೊಳ್ಳಿ. ನೈರೋಬಿಯ ಮೂಲಕ ಹೋಗಿಬರುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ನಿಯಮವನ್ನು ಹೋಗುವಾಗಿನದು, ಬರುವಾಗಿನದು ಎರಡನ್ನೂ ನೋಡಿಕೊಳ್ಳಬೇಕು. ಚುಚ್ಚುಮದ್ದು ತೆಗೆದುಕೊಂಡ 10 ದಿನಗಳ ನಂತರವೇ ಆ ಪತ್ರ ಮಾನ್ಯವಾಗುತ್ತದೆ. ಕೊನೆಯ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ.

## ಹಂತ 4: ಲೊಡೊವಾರೆ ಗೇಟ್‌ಗೆ ಬಾಗಿಲು ತೆರೆಯುವ ಹೊತ್ತಿಗೆ

ಗೊರೊಂಗೊರೊ ಸಂರಕ್ಷಿತ ಪ್ರದೇಶದ ಈ ಗೇಟ್ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಕರಾಟುವಿನಿಂದ ಇಲ್ಲಿಗೆ ಅರ್ಧ ಗಂಟೆಯೊಳಗಿನ ದಾರಿ. ಲಾಡ್ಜಿನ ತಿಂಡಿಯನ್ನು ಕಟ್ಟಿಸಿಕೊಂಡು 5.45ಕ್ಕೆ ಹೊರಡಿ. ಏಳು ಗಂಟೆಯ ಬಫೆ ತಿಂಡಿಗೆ ಕಾದವರು ಗೇಟಿಗೆ ಬರುವಷ್ಟರಲ್ಲಿ ಮುಂದೆ ಹತ್ತಿಪ್ಪತ್ತು ಗಾಡಿ ನಿಂತಿರುತ್ತವೆ.

ಸೆರೆಂಗೆಟಿಗೆ ಹೋಗುವವರು ಗೊರೊಂಗೊರೊ ಪ್ರದೇಶವನ್ನು ಸುಮ್ಮನೆ ಹಾದುಹೋದರೂ ಅದರ ಶುಲ್ಕ ಕಟ್ಟಲೇಬೇಕು. ಗೇಟಿನಲ್ಲಿ ನಗದು ನಡೆಯುವುದಿಲ್ಲ. ಕಾರ್ಡ್ ಅಥವಾ ಮುಂಚಿತವಾಗಿ ಕಟ್ಟಿದ ರಸೀದಿ ಬೇಕು. ಪ್ರವಾಸ ಸಂಸ್ಥೆಯ ಮೂಲಕ ಹೋಗುವವರು ಪಾಸ್‌ಪೋರ್ಟಿನಲ್ಲಿರುವ ಹೆಸರು, ಸಂಖ್ಯೆಗಳನ್ನು ಅಕ್ಷರ ತಪ್ಪದಂತೆ ಮೊದಲೇ ಕಳಿಸಿರಬೇಕು. ನಮ್ಮವರ ಹೆಸರಿನಲ್ಲಿ ಇನಿಷಿಯಲ್ ಎಲ್ಲಿ, ತಂದೆಯ ಹೆಸರು ಎಲ್ಲಿ ಎಂಬ ಗೊಂದಲ ಯಾವಾಗಲೂ ಇದ್ದದ್ದೇ. ಪಾಸ್‌ಪೋರ್ಟಿನ ಪುಟದ ಚಿತ್ರವನ್ನೇ ಕಳಿಸಿದರೆ ತಗಾದೆ ಇರುವುದಿಲ್ಲ.

ಚಾಲಕ ಕಾಗದಪತ್ರ ಮುಗಿಸುವಷ್ಟರಲ್ಲಿ ನೀವು ಶೌಚಾಲಯಕ್ಕೆ ಹೋಗಿಬನ್ನಿ, ಬೇಕೆನಿಸದಿದ್ದರೂ ಸಹ. ಮುಂದಿನ ಸರಿಯಾದ ಶೌಚಾಲಯಕ್ಕೆ ಸುಮಾರು ಮೂರು ಗಂಟೆ ಇದೆ. ಗೇಟಿನ ಬಳಿಯ ಬಬೂನ್ ಕೋತಿಗಳು ತೆರೆದ ಕಿಟಕಿಯನ್ನೇ ಕಾಯುತ್ತಿರುತ್ತವೆ. ಗಾಡಿ ಬಿಟ್ಟಿಳಿಯುವಾಗ ಎಲ್ಲವನ್ನೂ ಮುಚ್ಚಿ.

## ಹಂತ 5: ಅಂಚು ಹತ್ತಿ ಬಯಲಿಗೆ ಇಳಿಯುವ ಭಾಗ

ಗೇಟಿನಿಂದ ಕೆಂಪು ಮಣ್ಣಿನ ಏರುರಸ್ತೆ ದಟ್ಟ ಕಾಡಿನೊಳಗೆ ಸುತ್ತಿಕೊಂಡು ಹೋಗುತ್ತದೆ. ಮಂಜು ಮುಸುಕಿದಾಗ ಹತ್ತು ಮೀಟರ್ ಮುಂದೆ ಏನಿದೆ ಎಂದು ತಿಳಿಯುವುದಿಲ್ಲ, ಎದುರಿಂದ ಲಾರಿಗಳು ಬರುತ್ತವೆ. ಇಲ್ಲಿ ಚಾಲಕನನ್ನು ಮಾತಿಗೆಳೆಯಬೇಡಿ. ಹೊಟ್ಟೆ ತೊಳಸುವವರು ವಾಂತಿ ತಡೆಯುವ ಮಾತ್ರೆಯನ್ನು ಕರಾಟು ಬಿಡುವ ಮೊದಲೇ ನುಂಗಿರಬೇಕು.

ಅಂಚಿನ ವೀಕ್ಷಣಾ ಸ್ಥಳದಲ್ಲಿ 15 ನಿಮಿಷ ಸಾಕು. ಮಂಜು ಕವಿದಿದ್ದರೆ ಕಾಯುತ್ತಾ ಕೂರಬೇಡಿ, ವಾಪಸಾಗುವಾಗ ನೋಡಬಹುದು.

ಅಂಚಿನಿಂದ ಆಚೆ ಇಳಿಯುವಾಗ ಮಸಾಯಿ ಜನರ ಹಟ್ಟಿಗಳು, ದನಕರುಗಳ ಹಿಂಡು, ಕೊಡೆಯಾಕಾರದ ಜಾಲಿ ಮರಗಳ ನಡುವೆ ಜಿರಾಫೆಗಳು ಕಾಣಿಸುತ್ತವೆ. ಜನರ ಫೋಟೊ ತೆಗೆಯುವ ಮೊದಲು ಚಾಲಕನ ಮೂಲಕ ಅನುಮತಿ ಕೇಳಿ. ರಸ್ತೆ ಬದಿಯ ಮಕ್ಕಳತ್ತ ಓಡುವ ಗಾಡಿಯಿಂದ ಚಾಕೊಲೇಟ್ ಎಸೆಯುವುದನ್ನು ದಯವಿಟ್ಟು ಮಾಡಬೇಡಿ. ಮಕ್ಕಳು ಗಾಡಿಗಳ ಹಿಂದೆ ಓಡುವುದನ್ನು ಕಲಿಯುವುದು ಹೀಗೆಯೇ.

ಆದಿಮಾನವರ ಪಳೆಯುಳಿಕೆಗಳು ಸಿಕ್ಕ ಓಲ್ಡುವೈ ಕಣಿವೆಯ ವಸ್ತುಸಂಗ್ರಹಾಲಯಕ್ಕೆ ಕವಲು ಒಡೆಯುವುದು ಈ ಭಾಗದಲ್ಲೇ. ನೋಡಲು ಯೋಗ್ಯವಾದ ಸ್ಥಳ, ನಿಜ. ಆದರೆ ಒಂದೂವರೆ ಗಂಟೆಯನ್ನಾದರೂ ತಿನ್ನುತ್ತದೆ. ಅದೂ ವಾಪಸಾಗುವ ದಿನಕ್ಕಿರಲಿ.

## ಹಂತ 6: ನಾಬಿ ಬೆಟ್ಟದವರೆಗಿನ ಧೂಳುರಸ್ತೆ

ಎಲ್ಲರೂ ಸೋಲುವ ಜಾಗ ಇದು. ಓಲ್ಡುವೈ ಕವಲಿನಿಂದ ಸೆರೆಂಗೆಟಿಯ ಪ್ರವೇಶದ್ವಾರವಾದ ನಾಬಿ ಬೆಟ್ಟದ ಗೇಟ್‌ವರೆಗೆ ರಸ್ತೆಯ ಮೈಮೇಲೆ ಅಡ್ಡಡ್ಡಲಾಗಿ ಸಣ್ಣ ಅಲೆಗಳಂತೆ ದಿಣ್ಣೆಗಳೆದ್ದಿರುತ್ತವೆ. ಗಾಡಿಯ ಪ್ರತಿ ಬೋಲ್ಟು ಗಡಗಡಿಸುತ್ತದೆ. ಕ್ಯಾಮೆರಾವನ್ನು ನೆಲದ ಮೇಲಿಟ್ಟರೆ ಲೆನ್ಸಿನ ತಿರುಪುಗಳು ಸಡಿಲವಾಗುತ್ತವೆ. ತೊಡೆಯ ಮೇಲೆ ಅಥವಾ ಸ್ವೆಟರ್ ಸುತ್ತಿ ಆಸನದ ಮೇಲಿಡಿ. ಲೆನ್ಸ್ ಬದಲಾಯಿಸುವ ಯೋಚನೆಯೇ ಬೇಡ.

ಕೂರುವ ಕ್ರಮ. ಹಿಂದಿನ ಸಾಲು ಹಿಂಚಕ್ರದ ಮೇಲೆಯೇ ಇರುವುದರಿಂದ ಅಲ್ಲಿ ಎತ್ತಿಹಾಕುವುದು ಹೆಚ್ಚು. ವಯಸ್ಸಾದವರನ್ನು, ಸೊಂಟ ನೋವಿನವರನ್ನು ನಡುಸಾಲಿನಲ್ಲಿ ಕೂರಿಸಿ, ಬೆನ್ನಿನ ಕೆಳಭಾಗಕ್ಕೆ ಸುತ್ತಿದ ಟವೆಲ್ ಕೊಡಿ.

ವೇಗ. ವೇಗವಾಗಿ ಓಡಿಸಿದರೆ ಚಕ್ರಗಳು ದಿಣ್ಣೆಗಳ ತುದಿಯ ಮೇಲೆಯೇ ಹಾರಿಕೊಂಡು ಹೋಗಿ ಕುಲುಕು ಕಡಿಮೆಯಾದಂತೆ ಅನಿಸುತ್ತದೆ. ಅದರ ಸುಖಕ್ಕೆ ಮರುಳಾಗಬೇಡಿ. ಚಕ್ರ ನೆಲ ಹಿಡಿಯದಿದ್ದರೆ ಬ್ರೇಕೂ ಹಿಡಿಯುವುದಿಲ್ಲ, ಸ್ಟಿಯರಿಂಗೂ ಹಿಡಿಯುವುದಿಲ್ಲ. ತಿರುವಿನಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿದಂತಾದರೆ ಅದು ಮೊದಲ ಎಚ್ಚರಿಕೆ. ಸ್ವಾಹಿಲಿ ಭಾಷೆಯಲ್ಲಿ "ಪೋಲೆ ಪೋಲೆ" (ನಿಧಾನ, ನಿಧಾನ) ಎಂದರೆ ಸಾಕು, ಚಾಲಕನಿಗೆ ಅರ್ಥವಾಗುತ್ತದೆ. ನಿಧಾನಕ್ಕೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಿಟಕಿ. ಎದುರಿಂದ ಗಾಡಿ ಬರುತ್ತಿದ್ದರೆ ಅದು ಹತ್ತಿರವಾಗುವ ಮೊದಲೇ ಕಿಟಕಿ ಎಳೆದುಬಿಡಿ. ಧೂಳಿಗಿಂತ ಹೆಚ್ಚು ಭಯ ಚಕ್ರದಿಂದ ಸಿಡಿಯುವ ಕಲ್ಲಿನದು. ಧೂಳು ಸರಿದ ಮೇಲೆ ಮತ್ತೆ ತೆರೆಯಿರಿ. ಇದನ್ನು ಒಬ್ಬರ ಪಾಲಿನ ಕೆಲಸ ಮಾಡಿ, ಇಲ್ಲವಾದರೆ ಎಲ್ಲರೂ ಇನ್ನೊಬ್ಬರು ಮುಚ್ಚುತ್ತಾರೆ ಎಂದು ಸುಮ್ಮನಿರುತ್ತಾರೆ.

ನೀರು. ಶೌಚಾಲಯವಿಲ್ಲ ಎಂದು ನೀರನ್ನೇ ಕುಡಿಯದೆ ಕೂರುವುದು ನಮ್ಮ ಹೆಣ್ಣುಮಕ್ಕಳಲ್ಲಿ ತುಂಬಾ ಕಾಣುವ ಅಭ್ಯಾಸ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸಂಜೆಗೆ ವಾಂತಿ. ಮೂತ್ರ ಗಾಢ ಹಳದಿಯಾಗಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ದೇಹ ಆಗಲೇ ಒಣಗಿದೆ ಎಂದರ್ಥ. ಒಬ್ಬರಿಗೆ ದಿನಕ್ಕೆ 3 ಲೀಟರ್ ನೀರು ಗಾಡಿಯಲ್ಲಿರಲಿ, ಓ.ಆರ್.ಎಸ್. ಪೊಟ್ಟಣಗಳೂ ಇರಲಿ. ದಾರಿಯಲ್ಲಿ ತಡೆಯಲಾಗದಿದ್ದರೆ ಸಂಕೋಚ ಬಿಟ್ಟು ಚಾಲಕನಿಗೆ ಹೇಳಿ. ಪ್ರಾಣಿ ಅಡಗಲು ಎಡೆಯಿಲ್ಲದ ಗಿಡ್ಡ ಹುಲ್ಲಿನ ತೆರವಾದ ಜಾಗ ನೋಡಿ, ಅವನೇ ಮೊದಲು ಸುತ್ತ ಕಣ್ಣಾಡಿಸಿ ನಿಲ್ಲಿಸುತ್ತಾನೆ. ಗಾಡಿಯ ಹಿಂದೆ, ಚಕ್ರಕ್ಕೆ ಒತ್ತಿಕೊಂಡೇ ಮುಗಿಸಿ. ಪೊದೆಯ ಮರೆ ಹುಡುಕಿಕೊಂಡು ಹೋಗಬೇಡಿ. ನಿಮಗೆ ಮರೆಯಾದ ಪೊದೆ ಸಿಂಹಕ್ಕೂ ಮರೆಯೇ.

ಗಾಡಿಯ ಎಚ್ಚರಿಕೆಗಳು. ಸುಟ್ಟ ರಬ್ಬರಿನ ವಾಸನೆ, ಒಂದೇ ಲಯದಲ್ಲಿ ದಬದಬ ಬಡಿಯುವ ಸದ್ದು, ಗಾಡಿ ಒಂದು ಕಡೆಗೇ ಎಳೆಯುವುದು, ಎಂಜಿನ್ ಶಾಖದ ಮುಳ್ಳು ಮೇಲೇರುವುದು: ಯಾವುದು ಕಂಡರೂ ತಕ್ಷಣ ಹೇಳಿ. ಹಿಂದಿನ ಸಾಲಿನವರಿಗೆ ಕೇಳಿಸುವ ಸದ್ದು ಎಷ್ಟೋ ಸಲ ಚಾಲಕನಿಗೆ ಕೇಳಿಸುವುದಿಲ್ಲ.

ಮಾರ್ಚ್ ನಡುವಿನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಧೂಳಿನ ಬದಲು ಕೆಸರು. ಎರೆಮಣ್ಣಿನ ತಗ್ಗುಗಳಲ್ಲಿ ಚಕ್ರ ಹೂತರೆ ಇನ್ನೊಂದು ಗಾಡಿ ಬಂದು ಎಳೆಯುವವರೆಗೆ ಕಾಯಬೇಕು. ಆ ತಿಂಗಳುಗಳಲ್ಲಿ ಎಲ್ಲ ಲೆಕ್ಕಕ್ಕೂ ಎರಡು ಗಂಟೆ ಸೇರಿಸಿಕೊಳ್ಳಿ.

## ಹಂತ 7: ನಾಬಿ ಗೇಟಿನಲ್ಲಿ 24 ಗಂಟೆಯ ಲೆಕ್ಕ

ಗೊತ್ತಿಲ್ಲದವರು ಹಣ ಕಳೆದುಕೊಳ್ಳುವುದು ಇಲ್ಲಿ. ಸೆರೆಂಗೆಟಿಯ ಪ್ರವೇಶ ಶುಲ್ಕ ಕ್ಯಾಲೆಂಡರಿನ ದಿನಕ್ಕಲ್ಲ, 24 ಗಂಟೆಗೆ. ಪ್ರವೇಶ ದಾಖಲಾದ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ಎರಡು ರಾತ್ರಿ ತಂಗುವವರು ಮಧ್ಯಾಹ್ನ 12ಕ್ಕೆ ಒಳಗೆ ಹೋದರೆ ಮೂರನೆಯ ದಿನ 12ರೊಳಗೆ ಇದೇ ಗೇಟಿನಿಂದ ಹೊರಗೆ ಬಂದಿರಬೇಕು. ತಡವಾದರೆ ಇನ್ನೊಂದು ದಿನದ ಶುಲ್ಕ ತಲೆಗೆ ಬೀಳುತ್ತದೆ, ಅದು ಸಣ್ಣ ಮೊತ್ತವಲ್ಲ.

ಹಾಗಾಗಿ ಇಲ್ಲಿನ ಕ್ರಮ ಹೀಗಿರಲಿ: ಮೊದಲು ಶೌಚ, ಆಮೇಲೆ ಊಟ, ಕೊನೆಗೆ ಪ್ರವೇಶದ ದಾಖಲೆ. ಕರಾಟುವಿನಿಂದ ಸಕಾಲದಲ್ಲಿ ಹೊರಟವರು 11ರ ಸುಮಾರಿಗೆ ಇಲ್ಲಿರುತ್ತಾರೆ. ಬಂದ ಕೂಡಲೇ ಚೀಟಿ ಮಾಡಿಸಿ ಆಮೇಲೆ ಒಂದು ಗಂಟೆ ಊಟಕ್ಕೆ ಕೂತರೆ, ಆ ಗಂಟೆ ಹೊರಬರುವ ದಿನದ ಬೆಳಗಿನ ಸಫಾರಿಯಿಂದ ಕಡಿತವಾಗುತ್ತದೆ. ಆದರೆ ನೆಟ್‌ವರ್ಕ್ ಕೈಕೊಟ್ಟು ಸಾಲು ಬೆಳೆದಿದ್ದರೆ ಚಾಲಕ ಸಾಲಿನಲ್ಲಿ ನಿಂತುಬಿಡಲಿ, ಆ ಹೊತ್ತಿನಲ್ಲಿ ನೀವು ಉಂಡು ಮುಗಿಸಿ.

ಊಟದ ಪೆಟ್ಟಿಗೆಯಲ್ಲಿ ಸಸ್ಯಾಹಾರ ಬೇಕೆಂದು ಹಿಂದಿನ ದಿನವೇ ಬಿಡಿಸಿ ಹೇಳಿ: ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡವೆಂದು ಒಂದೊಂದಾಗಿ. ಬರೀ "ವೆಜಿಟೇರಿಯನ್" ಎಂದವರಿಗೆ ಬೇಯಿಸಿದ ಮೊಟ್ಟೆ ಬರುವುದುಂಟು. ಒಂದು ಡಬ್ಬಿ ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ ಜೊತೆಗಿದ್ದರೆ ಹಿರಿಯರ ಮಧ್ಯಾಹ್ನ ನೆಮ್ಮದಿಯಿಂದ ಕಳೆಯುತ್ತದೆ. ಹಕ್ಕಿಗಳಿಗೆ ಮಾತ್ರ ಒಂದು ಚೂರೂ ಹಾಕಬೇಡಿ. ನೀಲಿ ಬೆನ್ನು, ಕಿತ್ತಳೆ ಹೊಟ್ಟೆಯ ಸೂಪರ್ಬ್ ಸ್ಟಾರ್ಲಿಂಗ್‌ಗಳು ತಟ್ಟೆಯ ಅಂಚಿಗೇ ಬಂದು ಕೂರುತ್ತವೆ.

ಸಮಯ ಉಳಿದರೆ ಗೇಟಿನ ಹಿಂದಿನ ಬಂಡೆಗುಡ್ಡಕ್ಕೆ ಸಣ್ಣ ಕಾಲುದಾರಿ ಇದೆ. ಮೇಲಿನಿಂದ ಬಯಲು ನೋಡಿದರೆ ಮುಂದೆ ಎಲ್ಲಿ ಹಿಂಡುಗಳಿವೆ ಎಂಬ ಅಂದಾಜು ಸಿಗುತ್ತದೆ.

## ಹಂತ 8: ನಾಬಿಯಿಂದ ಸೆರೊನೆರಾಕ್ಕೆ ನೋಡುತ್ತಾ ಹೋಗುವುದು

ಸುಮಾರು 45 ಕಿಲೋಮೀಟರ್. ನೇರ ಹೋದರೆ ಒಂದೂಕಾಲು ಗಂಟೆ. ನಿಮಗೆ ಐದಾರು ಗಂಟೆ ಇದೆ, ಬೆಳಗಿನಿಂದ ಉಳಿಸಿಕೊಂಡು ಬಂದದ್ದು ಇದಕ್ಕಾಗಿಯೇ.

ಏನು ಕಾಣುತ್ತದೆ ಎಂಬುದು ತಿಂಗಳನ್ನು ಅವಲಂಬಿಸಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವೈಲ್ಡ್‌ಬೀಸ್ಟ್ ಮತ್ತು ಜೀಬ್ರಾ ಹಿಂಡುಗಳು ಈ ದಕ್ಷಿಣದ ಹುಲ್ಲುಬಯಲಿನಲ್ಲಿರುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಅವು ದೂರದ ಉತ್ತರದಲ್ಲಿ, ಮಾರಾ ನದಿಯ ಕಡೆ ಇರುತ್ತವೆ. ಆಗ ಈ ಬಯಲು ಖಾಲಿ ಕಂಡರೆ ಮೋಸ ಹೋದೆವೆಂದು ಕೊರಗಬೇಡಿ. ಸಿಂಹ, ಚಿರತೆ, ಕತ್ತೆಕಿರುಬಗಳು ತಮ್ಮ ಜಾಗ ಬಿಟ್ಟು ಹೋಗಿರುವುದಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಪ್ರಾಣಿಯನ್ನಲ್ಲ, ಮೊದಲು ಪ್ರಾಣಿಗಳ ಮುಖವನ್ನು ನೋಡಿ. ಥಾಮ್ಸನ್ ಗೆಜೆಲ್ ಎಂಬ ಚಿಕ್ಕ ಹುಲ್ಲೆಗಳು ಮೇಯುವುದನ್ನು ಬಿಟ್ಟು, ಕುತ್ತಿಗೆ ನೆಟ್ಟಗೆ ಮಾಡಿ, ಎಲ್ಲವೂ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಆ ದಿಕ್ಕಿನಲ್ಲಿ ಚೀತಾ ಅಥವಾ ಸಿಂಹ ಇರುವ ಸಾಧ್ಯತೆ ಹೆಚ್ಚು. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ದುರ್ಬೀನು ಅದೇ ಸಾಲಿಗೆ ಹಿಡಿಯಿರಿ. ದಾರಿಯಲ್ಲಿ ಸಿಗುವ ಸಿಂಬಾ ಕೊಪ್ಯೆಸ್ ಎಂಬ ಬಂಡೆಗುಡ್ಡಗಳನ್ನು ಒಂದು ಸುತ್ತು ಹಾಕದೆ ಬಿಡಬೇಡಿ. ಬಿಸಿಲಿನ ಹೊತ್ತಿನಲ್ಲಿ ಬಂಡೆಯ ನೆರಳಿನಲ್ಲಿ ಮಲಗಿದ ಸಿಂಹ ಬಂಡೆಯದೇ ಬಣ್ಣ. ಅಲ್ಲಾಡುವ ಕಿವಿಯೊಂದೇ ಗುರುತು.

ಸೆರೊನೆರಾ ನದಿಯ ದಂಡೆಗೆ ಬಂದ ಮೇಲೆ ನೆಲ ಬಿಟ್ಟು ಕೊಂಬೆಗಳನ್ನು ಹುಡುಕಿ. ಜಾಲಿ ಮರ, ಸೋರೆಯಂಥ ಉದ್ದ ಕಾಯಿ ಜೋತುಬಿದ್ದ ಸಾಸೇಜ್ ಮರ, ಇವುಗಳ ಅಡ್ಡಕೊಂಬೆಗಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿ. ಚಿರತೆಯ ಮೈ ಎಲೆಗಳ ನೆರಳಿನಲ್ಲಿ ಕರಗಿಹೋಗಿರುತ್ತದೆ. ಕಾಣುವುದು ಬಾಲ: ಕೊಂಬೆಯಿಂದ ನೇರ ಕೆಳಗಿಳಿದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಸುರುಳಿಯಾಗಿ, ಆಗಾಗ ಮಾತ್ರ ಮಿಸುಕುವ ಬಾಲ.

ಇಲ್ಲಿ ಮಾಡಬಾರದವು ಇವು. ಗಾಡಿ ಓಡುವಾಗ ಮೇಲ್ಛಾವಣಿಯಿಂದ ಎದ್ದು ನಿಲ್ಲಬೇಡಿ. ಸೆರೊನೆರಾ ಭಾಗದಲ್ಲಿ ರಸ್ತೆ ಬಿಟ್ಟು ಹುಲ್ಲಿಗೆ ಇಳಿಯುವುದು ನಿಷಿದ್ಧ. ಹೆಚ್ಚಿನ ಹಣ ಕೊಡುತ್ತೇವೆ, ಹತ್ತಿರ ಹೋಗು ಎಂದು ಚಾಲಕನನ್ನು ಒತ್ತಾಯಿಸುವವರು ಅವನ ಕೆಲಸಕ್ಕೇ ಸಂಚಕಾರ ತರುತ್ತಾರೆ. ಆನೆ ಕಿವಿಯಗಲಿಸಿ, ತಲೆಯೆತ್ತಿ, ನಿಮ್ಮತ್ತ ತಿರುಗಿ ನಿಂತರೆ ಫೋಟೊ ಸಾಕು, ಹಿಂದೆ ಸರಿಯಲು ಹೇಳಿ.

## ಹಂತ 9: ಕತ್ತಲಾಗುವ ಮೊದಲು ಕ್ಯಾಂಪ್

ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಆರೂವರೆ, ಆರು ಮುಕ್ಕಾಲಿನ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೆ ಕತ್ತಲು ಬೇಗನೆ ಕವಿಯುತ್ತದೆ. ರಾತ್ರಿ ಉದ್ಯಾನದೊಳಗೆ ಗಾಡಿ ಓಡಿಸುವಂತಿಲ್ಲ. ಸಂಜೆ 5.30ಕ್ಕೆ ಚಾಲಕನನ್ನು "ಇಲ್ಲಿಂದ ಕ್ಯಾಂಪ್‌ಗೆ ಎಷ್ಟು ಹೊತ್ತು?" ಎಂದು ಕೇಳಿ, ಅವನು ಹೇಳಿದ್ದಕ್ಕೆ ಅರ್ಧ ಗಂಟೆ ಸೇರಿಸಿ ಹೊರಡಿ. ಪಂಕ್ಚರ್ ಆದರೆ ಆ ಅರ್ಧ ಗಂಟೆ ಬೇಕಾಗುತ್ತದೆ.

ಇಲ್ಲಿನ ಹೆಚ್ಚಿನ ಕ್ಯಾಂಪ್‌ಗಳಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಗುಡಾರದಿಂದ ಊಟದ ಜಾಗಕ್ಕೆ ಕಾವಲುಗಾರನ ಜೊತೆಗೇ ಹೋಗಬೇಕು, ಇಪ್ಪತ್ತು ಹೆಜ್ಜೆಯಾದರೂ ಸರಿ. ತಿಂಡಿಯ ಡಬ್ಬಿಯನ್ನು ಗುಡಾರದಲ್ಲಿಟ್ಟು ಮಲಗಬೇಡಿ. ಮಲಗುವ ಮುನ್ನ ಕ್ಯಾಮೆರಾವನ್ನು ಒಣ ಕುಂಚದಿಂದ ಒರೆಸಿ. ಒದ್ದೆ ಬಟ್ಟೆ ಧೂಳನ್ನು ಕೆಸರು ಮಾಡುತ್ತದೆ.

ಊಟದ ಹೊತ್ತಿಗೆ ಚಾಲಕನ ಜೊತೆ ಕೂತು ನಾಬಿಯ ಚೀಟಿಯ ಮೇಲಿನ ಸಮಯವನ್ನು ಇಬ್ಬರೂ ನೋಡಿ. ಅದರಲ್ಲಿ 12.10 ಎಂದಿದ್ದರೆ, ಹೊರಬರುವ ದಿನ ಸೆರೊನೆರಾದಿಂದ 10ಕ್ಕೆ ಗಾಡಿ ಹೊರಟಿರಬೇಕು. ಆ ಸಮಯವನ್ನು ಫೋನಿನಲ್ಲಿ ಅಲಾರಂ ಆಗಿ ಇಟ್ಟುಕೊಳ್ಳಿ. ಊರಿಗೆ ಮರಳಿದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ, ಮಾತ್ರೆ ತಪ್ಪದೆ ತೆಗೆದುಕೊಂಡಿದ್ದರೂ, ಆಫ್ರಿಕಾಕ್ಕೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ, ಮಲೇರಿಯಾದ ರಕ್ತಪರೀಕ್ಷೆ ಅದೇ ದಿನ ಮಾಡಿಸಿ.